ಮಾಯದ ಗಾಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ: ಕೋಶಗಳು ನಿಜವಾಗಿ ಮಾಡುವ ಕೆಲಸವೇನು?

ಹಣತೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆಗೆ, ಐದು ತಿಂಗಳಿಂದ ಒಂದು ಹುಣ್ಣು ಮಾಯದೆ ಉಳಿದುಬಿಟ್ಟಿದೆ. ನೋಡಲು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಸುತ್ತಲೂ ಹಳದಿ ಬಣ್ಣದ ಗಟ್ಟಿ ಚರ್ಮದ ಅಂಚು, ನಡುವೆ ಮಾಸಲು ಗುಲಾಬಿ ಬಣ್ಣ. ನೋವು ಸ್ವಲ್ಪವೂ ಇಲ್ಲ. ನೋವಿಲ್ಲದ ಕಾರಣಕ್ಕೇ ಅವರು ಮೊದಲ ಎರಡು ತಿಂಗಳು ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ತಂದೆಯವರ ಹೊಟ್ಟೆಯ ಕೊಬ್ಬಿನಿಂದಲೇ ಸ್ಟೆಮ್ ಸೆಲ್ ತೆಗೆದು ಹುಣ್ಣಿನ ಸುತ್ತ ಚುಚ್ಚುವುದಾಗಿಯೂ, ಆ ಕೋಶಗಳೇ ಹೊಸ ಚರ್ಮವಾಗಿ ಬೆಳೆದು ಗಾಯವನ್ನು ಮುಚ್ಚುವುದಾಗಿಯೂ ಹೇಳಿದರು. ಬೇಕಿದ್ದರೆ ಎಕ್ಸೋಸೋಮ್ ಕೂಡ ಕೊಡುತ್ತಾರಂತೆ. ಅವರು ಹುಣ್ಣನ್ನು ನೋಡಿದ್ದು ನನ್ನ ಮೊಬೈಲಿನ ಚಿತ್ರದಲ್ಲಿ ಮಾತ್ರ. ಕೊಬ್ಬಿನ ಕೋಶ ಚರ್ಮವಾಗುತ್ತದೆಯೇ? ಇದರಲ್ಲಿ ಸಾಬೀತಾಗಿರುವುದು ಎಷ್ಟು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ನೇಸರ

ಹಣತೆಯವರೇ, ನಾನು ಕೋಶಗಳನ್ನು ಬೆಳೆಸುವ ಪ್ರಯೋಗಾಲಯದಲ್ಲಿ ದುಡಿಯುವವನು, ವೈದ್ಯನಲ್ಲ; ಆದ್ದರಿಂದ ನಿಮ್ಮ ತಂದೆಯವರ ಕಾಲಿನ ಬಗ್ಗೆ ಏನೂ ಹೇಳಲಾರೆ. ಆದರೆ ಕೋಶಗಳ ಬಗ್ಗೆ ನಿಮಗೆ ಹೇಳಿರುವ ಮಾತು ತಪ್ಪು. ಕೊಬ್ಬಿನಿಂದ ತೆಗೆದು ಚುಚ್ಚಿದ ಕೋಶ ಹೊರಚರ್ಮವಾಗಿ ಬೆಳೆದು ಗಾಯವನ್ನು ಮುಚ್ಚುವುದಿಲ್ಲ. ಅದಕ್ಕೆ ಬೇರೊಂದು ಕೆಲಸವಿದೆ.

ಸ್ಟೆಮ್ ಸೆಲ್, ಅಂದರೆ ಕಾಂಡಕೋಶ, ಎಂಬ ಒಂದೇ ಹೆಸರಿನಡಿ ಎರಡು ಬೇರೆಬೇರೆ ವಿದ್ಯೆಗಳು ಸೇರಿಕೊಂಡಿವೆ. ಮೊದಲನೆಯದು ಚರ್ಮದ ಸ್ವಂತ ಕಾಂಡಕೋಶಗಳದ್ದು. ನಮ್ಮ ಹೊರಚರ್ಮದ ಅತಿ ಕೆಳಗಿನ ಸಾಲಿನಲ್ಲಿಯೂ ಕೂದಲಿನ ಬುಡದ ಉಬ್ಬಿನಲ್ಲಿಯೂ ಇರುವ ಈ ಕೋಶಗಳೇ ಜೀವಮಾನವಿಡೀ ಚರ್ಮವನ್ನು ಹೊಸದಾಗಿಸುತ್ತಿರುತ್ತವೆ. 1975ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಅವರು, ವಿಕಿರಣದಿಂದ ವಿಭಜನೆ ನಿಲ್ಲಿಸಿದ ಇಲಿಯ ಕೋಶಗಳನ್ನು ಹಾಸಿಗೆಯಾಗಿ ಹಾಸಿ, ಅದರ ಮೇಲೆ ಮನುಷ್ಯನ ಹೊರಚರ್ಮದ ಕೋಶಗಳನ್ನು ಪೀಳಿಗೆಯ ಮೇಲೆ ಪೀಳಿಗೆ ಬೆಳೆಸಬಹುದೆಂದು ತೋರಿಸಿದರು. ಅಂಚೆಚೀಟಿಯಷ್ಟು ಚರ್ಮದಿಂದ ಕೆಲವೇ ವಾರಗಳಲ್ಲಿ ಅದರ ಸಾವಿರಾರು ಪಟ್ಟು ವಿಸ್ತಾರದ ಹಾಳೆ ಸಿದ್ಧವಾಗತೊಡಗಿತು. ದೇಹದ ಶೇ. 95ಕ್ಕಿಂತ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಮಕ್ಕಳನ್ನು ಇಂಥ ಹಾಳೆಗಳ ನೆರವಿನಿಂದ ಉಳಿಸಿದ ವರದಿ 1984ರಲ್ಲಿ ಪ್ರಕಟವಾಯಿತು.

ಈ ದಾರಿಯಲ್ಲಿ ನಾನು ಅತಿ ದೊಡ್ಡದೆಂದು ಭಾವಿಸುವ ಹೆಜ್ಜೆ 2017ರದ್ದು. ಮುಟ್ಟಿದರೆ ಚರ್ಮ ಕಿತ್ತು ಬರುವ ಎಪಿಡರ್ಮೋಲಿಸಿಸ್ ಬುಲೋಸಾ ಎಂಬ ಹುಟ್ಟುಕಾಯಿಲೆಯಿಂದ ಸಾವಿನ ಅಂಚಿಗೆ ಬಂದಿದ್ದ 7 ವರ್ಷದ ಬಾಲಕನಿಗೆ ಜರ್ಮನಿಯ ಬೋಖುಮ್‌ನ ವೈದ್ಯರೂ ಇಟಲಿಯ ಮಿಕೇಲೆ ದೆ ಲೂಕಾ ಅವರ ತಂಡವೂ ಸೇರಿ ಹೊಸ ಹೊರಚರ್ಮವನ್ನು ಕೊಟ್ಟರು. ಸುಮಾರು 4 ಚದರ ಸೆಂಟಿಮೀಟರ್ ಚರ್ಮ ತೆಗೆದು, ಹೊರಚರ್ಮವನ್ನು ಒಳಚರ್ಮಕ್ಕೆ ಅಂಟಿಸುವ ಲ್ಯಾಮಿನಿನ್ ಎಂಬ ಪ್ರೋಟೀನಿನ ಕೆಟ್ಟಿದ್ದ ಜೀನಿನ ಸರಿಯಾದ ಪ್ರತಿಯನ್ನು ಅದರ ಕೋಶಗಳಿಗೆ ಸೇರಿಸಿ, ಹಾಳೆಗಳಾಗಿ ಬೆಳೆಸಿ, ದೇಹದ ಶೇ. 80ರಷ್ಟು ಭಾಗಕ್ಕೆ ಹೊದಿಸಿದರು. ಸೇರಿಸಿದ ಜೀನು ಪ್ರತಿ ಕೋಶದಲ್ಲಿಯೂ ಬೇರೆ ಬೇರೆ ಜಾಗದಲ್ಲಿ ಕೂತಿದ್ದರಿಂದ ಅದೇ ಒಂದು ಗುರುತಾಯಿತು. ಯಾವ ಕೋಶದ ಸಂತತಿ ಉಳಿಯಿತು, ಯಾವುದು ಅಳಿಯಿತು ಎಂದು ಹಿಂಬಾಲಿಸಲು ಸಾಧ್ಯವಾಯಿತು. ತಿಂಗಳುಗಳು ಕಳೆದಂತೆ ಬಹುಪಾಲು ಕೋಶಗಳ ವಂಶ ಅಳಿದು, ಹೋಲೋಕ್ಲೋನ್ ಎಂದು ಕರೆಯುವ ದೀರ್ಘಾಯುಷಿ ಕಾಂಡಕೋಶಗಳ ಸಂತತಿ ಮಾತ್ರ ಇಡೀ ಹೊದಿಕೆಯನ್ನು ಹೊತ್ತು ನಿಂತಿತ್ತು. ನೆಟ್ಟ ಕಾಂಡಕೋಶ ಅಲ್ಲಿಯೇ ಬೇರೂರಿ ವರ್ಷಗಟ್ಟಲೆ ಚರ್ಮವನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಡ.

ಎರಡನೆಯ ವಿದ್ಯೆ ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಗಳಿಂದ ತೆಗೆಯುವ ಮೀಸೆಂಕೈಮಲ್ ಕೋಶಗಳದ್ದು. ನಿಮಗೆ ಹೇಳಿರುವುದು ಇದನ್ನೇ. ಗಾಯಕ್ಕೆ ಚುಚ್ಚಿದ ಈ ಕೋಶಗಳಲ್ಲಿ ಹೆಚ್ಚಿನವು ಕೆಲವು ದಿನಗಳಿಂದ ವಾರಗಳೊಳಗೆ ಸಾಯುತ್ತವೆ. ಅಷ್ಟರಲ್ಲಿ ಅವು ಹೊಸ ರಕ್ತನಾಳಗಳನ್ನು ಕರೆಯುವ ವಿಇಜಿಎಫ್‌ನಂಥ ಪ್ರೋಟೀನುಗಳನ್ನು ಸುರಿಸುತ್ತವೆ. ಉರಿಯೂತವನ್ನು ಹೆಚ್ಚಿಸುತ್ತಿರುವ ಮ್ಯಾಕ್ರೋಫೇಜ್ ಎಂಬ ಬಿಳಿರಕ್ತಕಣಗಳನ್ನು ದುರಸ್ತಿಯ ಕೆಲಸದತ್ತ ತಿರುಗಿಸುತ್ತವೆ. ಅಂದರೆ ಇವು ಮನೆ ಕಟ್ಟುವ ಗಾರೆಯವರಲ್ಲ, ಕೆಲಸಗಾರರಿಗೆ ಹೇಳಿಕಳುಹಿಸುವವರು. ಈ ಕೋಶಗಳಿಗೆ 1991ರಲ್ಲಿ ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಎಂದು ಹೆಸರಿಟ್ಟ ಆರ್ನಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಆ ಹೆಸರನ್ನು ಬದಲಿಸಬೇಕೆಂದು ಬರೆದರು; ‘ಸ್ಟೆಮ್ ಸೆಲ್’ ಎಂಬ ಪದವೇ ರೋಗಿಗಳನ್ನು ದಾರಿ ತಪ್ಪಿಸುತ್ತಿದೆ ಎಂಬುದು ಅವರ ಕಳಕಳಿಯಾಗಿತ್ತು.

ಇಬ್ಬನಿ

ನೇಸರ ಅವರು ಹೇಳಿದ ಮೊದಲನೆಯ ಬಗೆಯ ಚರ್ಮವನ್ನು ನಾನು ಎರಡು ತೊಡೆಗಳ ಮೇಲೂ ಬೆನ್ನಿನ ಮೇಲೂ ಹೊತ್ತಿದ್ದೇನೆ. ಒಂಬತ್ತು ವರ್ಷಗಳ ಹಿಂದೆ ಬೆಂಕಿ ಅವಘಡದಲ್ಲಿ ದೇಹದ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟಿತ್ತು; ಬೇರೆಡೆಯಿಂದ ತೆಗೆದು ಹಚ್ಚುವಷ್ಟು ಒಳ್ಳೆಯ ಚರ್ಮ ಉಳಿದಿರಲಿಲ್ಲ. ಹಾಳೆ ಬೆಳೆಯುವ ಮೂರು ವಾರ ದಾನಿಗಳ ಚರ್ಮವನ್ನು ತಾತ್ಕಾಲಿಕವಾಗಿ ಹೊದಿಸಿ ಕಾದರು. ಹಾಳೆಗಳನ್ನು ವ್ಯಾಸಲೀನ್ ಸವರಿದ ಜಾಲಿಬಟ್ಟೆಯ ಮೇಲೆ ಅಂಟಿಸಿ ತಂದದ್ದು, ಒಂದೊಂದನ್ನೂ ಕ್ಲಿಪ್ಪಿನಿಂದ ಸಿಕ್ಕಿಸಿದ್ದು, ಒಂದು ವಾರ ಕದಲದಂತೆ ಮಲಗಿಸಿದ್ದು ನೆನಪಿದೆ. ಜಾಲಿಬಟ್ಟೆ ಬಿಡಿಸುವ ದಿನ ದಾದಿಯೊಬ್ಬರು ಉಸಿರು ಹಿಡಿದು ನೋಡುತ್ತಿದ್ದರು. ಕೆಲವು ಕಡೆ ಹಾಳೆ ಹಿಡಿದಿತ್ತು, ಕೆಲವು ಕಡೆ ಜಾಲಿಬಟ್ಟೆಯ ಜೊತೆಯೇ ಎದ್ದು ಬಂತು.

ಹಿಡಿದುಕೊಂಡ ಕಡೆಗಳಲ್ಲಿಯೂ ಮೊದಲ ವರ್ಷವಿಡೀ ಬಟ್ಟೆ ಉಜ್ಜಿದರೂ ಬೊಕ್ಕೆ ಏಳುತ್ತಿತ್ತು. ಈ ಚರ್ಮ ಬೆವರುವುದಿಲ್ಲ, ಕೂದಲಿಲ್ಲ. ಬಿಸಿಲಿನಲ್ಲಿ ಹತ್ತು ನಿಮಿಷ ನಡೆದರೆ ಉಳಿದ ದೇಹವೆಲ್ಲ ಬೆವರಿ ತೊಡೆ ಮಾತ್ರ ಒಣಗಿ ಕಾದಿರುತ್ತದೆ. ಜೀವ ಉಳಿಸಿದ ಚಿಕಿತ್ಸೆಯನ್ನು ನಾನು ದೂರುತ್ತಿಲ್ಲ. ಆದರೆ ‘ಹೊಸ ಚರ್ಮ’ ಎಂದು ಯಾರಾದರೂ ಹೇಳುವಾಗ ಅದು ಯಾವ ಚರ್ಮ ಎಂದು ಕೇಳುವುದನ್ನು ಕಲಿತಿದ್ದೇನೆ.

ನೇಸರ

ಇಬ್ಬನಿಯವರೇ, ಬರೆದದ್ದಕ್ಕೆ ಕೃತಜ್ಞತೆಗಳು. ಬೊಕ್ಕೆಗಳಿಗೆ ಕಾರಣವಿದೆ. ನಾವು ಬೆಳೆಸುವ ಹಾಳೆ ಹೊರಚರ್ಮ ಮಾತ್ರ, ಕೆಲವೇ ಕೋಶಗಳಷ್ಟು ದಪ್ಪ. ಕಿಣ್ವ ಹಾಕಿ ತಟ್ಟೆಯಿಂದ ಬಿಡಿಸಿದ ಕೂಡಲೇ ಅಂಚುಗಳು ಒಳಕ್ಕೆ ಕುಗ್ಗುತ್ತವೆ, ಚಿಮಟದಿಂದ ಹಿಡಿದರೆ ಹರಿಯುತ್ತದೆ. ಅದನ್ನು ಒಳಚರ್ಮಕ್ಕೆ ಹೊಲಿದಂತೆ ಹಿಡಿದಿಡುವ ಸೂಕ್ಷ್ಮ ಎಳೆಗಳು ಪೂರ್ಣವಾಗಿ ಬಲಿಯಲು ವರ್ಷಕ್ಕೂ ಮೇಲೆ ಬೇಕಾಗುತ್ತದೆ. ಬೆವರಿನ ಗ್ರಂಥಿಗಳಂತೂ ಹಾಳೆಯಲ್ಲಿ ಹುಟ್ಟುವುದೇ ಇಲ್ಲ.

ತುಂತುರು

ನಾನು ಗಾಯಗಳ ಆರೈಕೆಯಲ್ಲಿಯೇ ಹದಿನಾರು ವರ್ಷ ಕಳೆದಿರುವ ಶುಶ್ರೂಷಕಿ. ಹಣತೆಯವರೇ, ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಸ್ಟೆಮ್ ಸೆಲ್ ಎಂಬ ಪದದ ಮೇಲಲ್ಲ; ಹಳದಿ ಬಣ್ಣದ ಗಟ್ಟಿ ಅಂಚಿನ ಮೇಲೆ. ಆ ಅಂಚು ಇನ್ನೂ ಅಲ್ಲಿದೆ ಎಂದರೆ, ಸ್ಪರ್ಶಜ್ಞಾನ ಕಳೆದುಕೊಂಡ ಪಾದದ ಅದೇ ಜಾಗದ ಮೇಲೆ ತಂದೆಯವರು ಇವತ್ತಿಗೂ ಭಾರ ಹಾಕಿ ನಡೆಯುತ್ತಿದ್ದಾರೆ ಎಂದರ್ಥ. ಪ್ರತಿ ಹೆಜ್ಜೆಗೂ ಆ ಗಟ್ಟಿ ಚರ್ಮ ಒಂದು ಕಲ್ಲಿನಂತೆ ಒಳಗಿನ ಮಾಂಸವನ್ನು ಒತ್ತುತ್ತದೆ.

ಗಾಯ ಮಾಯುವುದೆಂದರೆ ರಕ್ತ ಹೆಪ್ಪುಗಟ್ಟುವುದು, ಉರಿಯೂತ, ಹೊಸ ಮಾಂಸ ತುಂಬುವುದು, ಕೊನೆಗೆ ಕಲೆ ಗಟ್ಟಿಯಾಗುವುದು. ಒಂದು ಮುಗಿಯುತ್ತಾ ಬಂದಂತೆ ಇನ್ನೊಂದು ಕೈಗೆತ್ತಿಕೊಳ್ಳುವ ಕೆಲಸವಿದು. ಮಾಯದ ಹುಣ್ಣು ಉರಿಯೂತದ ಹಂತದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು ಮಿತಿಮೀರಿ, ದೇಹ ಕಳುಹಿಸುವ ಬೆಳವಣಿಗೆಯ ಸಂಕೇತಗಳನ್ನೂ ಹೊಸದಾಗಿ ಹೆಣೆದ ಎಳೆಗಳನ್ನೂ ತಿಂದುಹಾಕುತ್ತಿರುತ್ತವೆ. ಮೇಲೆ ಬ್ಯಾಕ್ಟೀರಿಯಾಗಳು ಅಂಟುಪೊರೆ ಕಟ್ಟಿಕೊಂಡು ಕೂತಿರುತ್ತವೆ. ಅಂಥ ಜಾಗಕ್ಕೆ ಎಷ್ಟೇ ಉತ್ತಮ ಕೋಶವನ್ನು ಚುಚ್ಚಿದರೂ ಅದರ ಗತಿಯೂ ಅಷ್ಟೇ.

ಆದ್ದರಿಂದ ನಿಮ್ಮಲ್ಲಿ ಕೆಲವು ಪ್ರಶ್ನೆಗಳು. ಸಪೂರ ಲೋಹದ ಕಡ್ಡಿಯಿಂದ ಹುಣ್ಣಿನ ತಳವನ್ನು ಮುಟ್ಟಿ ಎಲುಬು ತಾಗುತ್ತದೆಯೇ ಎಂದು ಯಾರಾದರೂ ನೋಡಿದ್ದಾರೆಯೇ? ತಾಗಿದರೆ ಎಲುಬಿಗೇ ಸೋಂಕು ಇಳಿದಿರಬಹುದು. ಪಾದಕ್ಕೆ ರಕ್ತ ಎಷ್ಟು ತಲುಪುತ್ತಿದೆ ಎಂದು ಅಳೆದಿದ್ದಾರೆಯೇ? ಹಳೆಯ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳಗಳಿಗೆ ಸುಣ್ಣ ಕಟ್ಟಿ ಗಡುಸಾಗುವುದರಿಂದ, ಕಣಕಾಲಿನ ರಕ್ತದೊತ್ತಡ ಸರಿಯಾಗಿದೆಯೆಂದು ಯಂತ್ರ ತೋರಿಸಿದರೂ ನಂಬುವಂತಿಲ್ಲ; ಬೆರಳಿನ ಒತ್ತಡವನ್ನು ಅಳೆಯಬೇಕು. ಭಾರ ಬೀಳದಂತೆ ಪಾದಕ್ಕೆ ಪೂರ್ತಿ ಕವಚ ಹಾಕಿದ್ದಾರೆಯೇ? ಇವು ಯಾವುವೂ ಆಗದೆ ಮೊಬೈಲಿನ ಚಿತ್ರ ನೋಡಿ ಕೋಶ ಚುಚ್ಚಲು ಸಿದ್ಧರಾದವರ ಬಳಿಗೆ ದಯವಿಟ್ಟು ಹೋಗಬೇಡಿ.

ಹಣತೆ

ಎಲುಬನ್ನು ಮುಟ್ಟಿ ನೋಡಿಲ್ಲ. ರಕ್ತದ ಹರಿವನ್ನೂ ಅಳೆದಿಲ್ಲ. ದಿನ ಬಿಟ್ಟು ದಿನ ಪಟ್ಟಿ ಬದಲಿಸುತ್ತಿದ್ದೆವು, ಅಷ್ಟೇ. ಅವರು ಮನೆಯೊಳಗೆ ಬರಿಗಾಲಿನಲ್ಲಿಯೇ ಓಡಾಡುತ್ತಾರೆ. ಇದನ್ನು ಬರೆಯುವಾಗ ನನಗೆ ತುಂಬ ಸಂಕಟವಾಗುತ್ತಿದೆ. ಮುಂದಿನ ವಾರ ಪಾದಚಿಕಿತ್ಸೆಯ ತಜ್ಞರ ಬಳಿ ಕರೆದುಕೊಂಡು ಹೋಗುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಇವೆಲ್ಲ ಮಾಡಿದ ಮೇಲೂ ಮಾಯದಿದ್ದರೆ, ಆಗ ಕೋಶಚಿಕಿತ್ಸೆಗೆ ಅರ್ಥವಿದೆಯೇ? ಎಕ್ಸೋಸೋಮ್ ಎಂದರೇನು?

ನೇಸರ

ಅರ್ಥವಿದೆ. ಎಲ್ಲವೂ ಟೊಳ್ಳೆಂದು ತಿಳಿಯುವುದೂ ತಪ್ಪಾಗುತ್ತದೆ. ನವಜಾತ ಶಿಶುಗಳ ಮುಂದೊಗಲಿನಿಂದ ಬೆಳೆಸಿದ ಕೋಶಗಳನ್ನು ಕೊಲ್ಯಾಜೆನ್ನಿನಲ್ಲಿ ಸೇರಿಸಿ ಎರಡು ಪದರಗಳಾಗಿ ಮಾಡಿದ ‘ಆಪ್ಲಿಗ್ರಾಫ್’ ಎಂಬ ಜೀವಂತ ಹೊದಿಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1998ರಲ್ಲಿ ಕಾಲಿನ ಸಿರೆಹುಣ್ಣುಗಳಿಗೂ 2000ದಲ್ಲಿ ಮಧುಮೇಹದ ಪಾದದ ಹುಣ್ಣುಗಳಿಗೂ ಅನುಮತಿ ಕೊಟ್ಟಿತು. ಪಾದದ ಹುಣ್ಣುಗಳ ಪರೀಕ್ಷೆಯಲ್ಲಿ 12 ವಾರಗಳ ಹೊತ್ತಿಗೆ ಹೊದಿಕೆ ಹಾಕಿದವರಲ್ಲಿ ಶೇ. 56, ಹಾಕದವರಲ್ಲಿ ಶೇ. 38 ಮಂದಿಯ ಹುಣ್ಣು ಪೂರ್ಣವಾಗಿ ಮುಚ್ಚಿತ್ತು. ಸ್ವಾರಸ್ಯದ ಸಂಗತಿಯೆಂದರೆ ಈ ಹೊದಿಕೆಯ ಕೋಶಗಳೂ ಅಲ್ಲಿ ಶಾಶ್ವತವಾಗಿ ನೆಲೆಸುವುದಿಲ್ಲ; ಕೆಲವು ವಾರಗಳಲ್ಲಿ ಮರೆಯಾಗುತ್ತವೆ, ರೋಗಿಯ ಸ್ವಂತ ಅಂಚಿನ ಕೋಶಗಳೇ ಒಳಕ್ಕೆ ಹರಿದು ಬಂದು ಗಾಯವನ್ನು ಮುಚ್ಚುತ್ತವೆ. ಮೀಸೆಂಕೈಮಲ್ ಕೋಶಗಳ ವಿಷಯದಲ್ಲಿ, 2007ರಲ್ಲಿ ವಿನ್ಸೆಂಟ್ ಫಲಾಂಗಾ ಅವರ ತಂಡ ರೋಗಿಗಳ ಮಜ್ಜೆಯ ಕೋಶಗಳನ್ನು ಫೈಬ್ರಿನ್ ಅಂಟಿನೊಂದಿಗೆ ಹುಣ್ಣಿನ ಮೇಲೆ ಸಿಂಪಡಿಸಿ, ಕೋಶಗಳ ಸಂಖ್ಯೆ ಹೆಚ್ಚಿದಷ್ಟೂ ಹುಣ್ಣು ಹೆಚ್ಚು ಕಿರಿದಾದುದನ್ನು ತೋರಿಸಿತು. ಆದರೆ ಅಲ್ಲಿದ್ದದ್ದು ಬೆರಳೆಣಿಕೆಯ ರೋಗಿಗಳು.

ತಂದೆಯವರ ಸ್ವಂತ ಕೊಬ್ಬಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ದೀರ್ಘಕಾಲ ಸಕ್ಕರೆಯಲ್ಲಿ ನೆನೆದ ದೇಹದ ಕೋಶಗಳು ನಿಧಾನವಾಗಿ ಬೆಳೆಯುತ್ತವೆ, ರಕ್ತನಾಳಗಳನ್ನು ಕರೆಯುವ ಶಕ್ತಿಯೂ ಅವುಗಳಲ್ಲಿ ಕುಗ್ಗಿರುತ್ತದೆ. ‘ನಿಮ್ಮದೇ ಕೋಶ’ ಎಂಬುದು ಕೇಳಲು ಹಿತವಾದರೂ ಅದು ಎಲ್ಲರಿಗೂ ಲಾಭವಲ್ಲ.

ಎಕ್ಸೋಸೋಮ್ ಎಂದರೆ ಕೋಶಗಳು ಹೊರಹಾಕುವ, ಸುಮಾರು 30ರಿಂದ 150 ನ್ಯಾನೋಮೀಟರ್ ಗಾತ್ರದ ಕೊಬ್ಬಿನ ಪೊರೆಯ ಚೀಲಗಳು. ಒಳಗೆ ಪ್ರೋಟೀನುಗಳೂ ಆರ್‌ಎನ್‌ಎ ತುಣುಕುಗಳೂ ಇರುತ್ತವೆ. ಕೋಶದ ಕೆಲಸ ಹೇಳಿಕಳುಹಿಸುವುದಷ್ಟೇ ಆಗಿದ್ದರೆ, ಕೋಶವನ್ನು ಬಿಟ್ಟು ಓಲೆಯನ್ನು ಮಾತ್ರ ಕಳುಹಿಸಿದರೆ ಸಾಲದೇ ಎಂಬುದು ಇದರ ಹಿಂದಿನ ತರ್ಕ. ತರ್ಕ ಚೆನ್ನಾಗಿದೆ, ಇಲಿಗಳಲ್ಲಿ ಫಲಿತಾಂಶವೂ ಚೆನ್ನಾಗಿದೆ. ಆದರೆ ಒಂದು ಬಾಟಲಿಯಲ್ಲಿ ಇರುವುದೂ ಮುಂದಿನ ಬಾಟಲಿಯಲ್ಲಿ ಇರುವುದೂ ಒಂದೇ ಎಂದು ಖಾತರಿಪಡಿಸುವುದು ಬಹಳ ಕಷ್ಟ. 2019ರ ಡಿಸೆಂಬರಿನಲ್ಲಿ ಎಫ್‌ಡಿಎ, ತಾನು ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಅನುಮತಿ ಕೊಟ್ಟಿಲ್ಲವೆಂದೂ, ಅವುಗಳಿಂದ ರೋಗಿಗಳಿಗೆ ಗಂಭೀರ ತೊಂದರೆಗಳಾಗಿವೆಯೆಂದೂ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು.

ಬೆಳ್ಳಕ್ಕಿ

ನಾನು ಶಸ್ತ್ರಚಿಕಿತ್ಸಕ. ನೇಸರ ಅವರ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಸಣ್ಣ ಪರೀಕ್ಷೆಗಳ ಬಗ್ಗೆ ಅವರಿಗಿಂತ ನನಗೆ ಅನುಮಾನ ಹೆಚ್ಚು. ಅದಕ್ಕೆ ಕಾರಣವಾದ ಒಂದು ಪ್ರಕರಣವನ್ನು ಹೇಳಬೇಕು. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಗುದದ ಬಳಿ ಉಂಟಾಗುವ ಫಿಸ್ಟುಲಾ ಎಂಬ ಸುರಂಗದಂಥ ಗಾಯ ಅತ್ಯಂತ ಹಟಮಾರಿ. ಆರೋಗ್ಯವಂತ ದಾನಿಗಳ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಕೋಶಗಳನ್ನು ಅದರ ಸುತ್ತ ಚುಚ್ಚುವ ಡಾರ್ವಾಡ್‌ಸ್ಟ್ರೋಸೆಲ್ ಎಂಬ ಚಿಕಿತ್ಸೆ, ಮೊದಲ ದೊಡ್ಡ ಪರೀಕ್ಷೆಯಲ್ಲಿ ಶೇ. 50 ಮಂದಿಗೆ ಫಲ ಕೊಟ್ಟಿತು. ಕೋಶವಿಲ್ಲದ ದ್ರವವನ್ನಷ್ಟೇ ಪಡೆದವರಲ್ಲಿ ಶೇ. 34. ಅದರ ಬಲದಿಂದ 2018ರಲ್ಲಿ ಯುರೋಪಿನಲ್ಲಿ ಅನುಮತಿಯೂ ದೊರೆಯಿತು. ಆಮೇಲೆ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು. ಅದರಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. 2024ರ ಕೊನೆಯಲ್ಲಿ ಯುರೋಪಿನ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದುಕೊಂಡರು.

ಆ ಎರಡನೆಯ ಪರೀಕ್ಷೆಯಲ್ಲಿ ಕೋಶಗಳನ್ನು ಪಡೆದವರ ಫಲಿತಾಂಶ ಕೆಡಲಿಲ್ಲ, ಪಡೆಯದವರು ಮೊದಲ ಪರೀಕ್ಷೆಯಲ್ಲಿದ್ದುದಕ್ಕಿಂತ ಹೆಚ್ಚು ಚೆನ್ನಾಗಿ ಗುಣವಾದರು. ಅವರಿಗೂ ಸುರಂಗವನ್ನು ಕೆರೆದು ಶುಚಿಗೊಳಿಸಿ, ಒಳಬಾಯಿಯನ್ನು ಹೊಲಿದು ಮುಚ್ಚಲಾಗಿತ್ತು. ಕೋಶಗಳಿಗೆ ನಾವು ಕೊಟ್ಟಿದ್ದ ಕೀರ್ತಿಯಲ್ಲಿ ಎಷ್ಟು ಭಾಗ ಆ ಕೆರೆದು ಶುಚಿಗೊಳಿಸಿದ ಕೈಯದಾಗಿತ್ತೋ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ತುಂತುರು ಅವರು ಹೇಳಿದ ಮಾತೂ ಇದೇ.

ನೇಸರ

ಬೆಳ್ಳಕ್ಕಿಯವರೇ, ಆ ಫಲಿತಾಂಶ ಬಂದ ದಿನ ನಮ್ಮ ಪ್ರಯೋಗಾಲಯದಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಆದ್ದರಿಂದ ನಿಮ್ಮ ಅನುಮಾನವನ್ನು ತಳ್ಳಿಹಾಕಲಾರೆ. ಆದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ನಾವು ಚುಚ್ಚುತ್ತಿರುವುದು ಬಹುಪಾಲು ಹೆಪ್ಪುಗಟ್ಟಿಸಿ ಕರಗಿಸಿದ, ಸೂಜಿಯ ಒತ್ತಡದಲ್ಲಿ ನಲುಗಿದ, ರಕ್ತವೇ ತಲುಪದ ಮಾಂಸದೊಳಗೆ ಆಧಾರವಿಲ್ಲದೆ ಬಿದ್ದ ಕೋಶಗಳನ್ನು. ಜೆಲ್ಲಿನಲ್ಲಿಯೋ ಹಾಳೆಯ ರೂಪದಲ್ಲಿಯೋ ಕೊಟ್ಟರೆ ಅವು ಹೆಚ್ಚು ದಿನ ಬದುಕುತ್ತವೆ. ಸೋತದ್ದು ಕೋಶವೋ ಅದನ್ನು ತಲುಪಿಸಿದ ರೀತಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಚರ್ಮದ ಸ್ವಂತ ಕೋಶಗಳ ದಾರಿಯಲ್ಲಿ ಇಷ್ಟು ಗೊಂದಲವಿಲ್ಲ: ಎಪಿಡರ್ಮೋಲಿಸಿಸ್ ಬುಲೋಸಾದ ಇನ್ನೊಂದು ಬಗೆಗೆ, ಜೀನು ಸರಿಪಡಿಸಿದ ಸ್ವಂತ ಕೋಶಗಳ ಹಾಳೆಗೆ 2025ರ ಏಪ್ರಿಲ್‌ನಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿದೆ.

ಇಬ್ಬನಿ

ಬೆವರುವ ಚರ್ಮವನ್ನು ಬೆಳೆಸುವ ದಿನ ಬರುತ್ತದೆಯೇ?

ನೇಸರ

ಕೂದಲಿನ ವಿಷಯದಲ್ಲಿ ಒಂದು ಬಾಗಿಲು ತೆರೆದಿದೆ. 2020ರಲ್ಲಿ ಕಾರ್ಲ್ ಕೋಹ್ಲರ್ ಅವರ ತಂಡ ಮನುಷ್ಯನ ಬಹುಶಕ್ತ (ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ) ಕಾಂಡಕೋಶಗಳಿಂದ ಹೊರಚರ್ಮ, ಒಳಚರ್ಮ, ಕೂದಲಿನ ಬುಡ, ನರಗಳ ಸಮೇತ ಪುಟ್ಟ ಚರ್ಮದ ಉಂಡೆಗಳನ್ನು ಬೆಳೆಸಿತು. ಅದಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಸುಟ್ಟ ಮನುಷ್ಯ ಅಷ್ಟು ದಿನ ಕಾಯಲಾರ. ಮುಂಚೆಯೇ ಬೆಳೆಸಿ ಇಡೋಣವೆಂದರೆ ಬೇರೊಬ್ಬರ ಕೋಶವನ್ನು ದೇಹ ತಿರಸ್ಕರಿಸುತ್ತದೆ. ಅಲ್ಲದೆ ಬಹುಶಕ್ತ ಕೋಶಗಳಲ್ಲಿ ಕೆಲವು ಪಕ್ವವಾಗದೆ ಉಳಿದರೂ ಅವು ಗಡ್ಡೆಯಾಗಬಲ್ಲವು. ಬೆವರಿನ ಗ್ರಂಥಿ ಅದಕ್ಕಿಂತಲೂ ಮುಂದಿನ ಮಾತು. ನಿಮಗೆ ಸುಳ್ಳು ಭರವಸೆ ಕೊಡಲು ಮನಸ್ಸು ಒಪ್ಪುವುದಿಲ್ಲ.

ಹಣತೆ (ಐದು ವಾರಗಳ ನಂತರ)

ಎಲ್ಲರಿಗೂ ತಿಳಿಸಬೇಕೆಂದು ಬಂದೆ. ತಜ್ಞರು ಮೊದಲ ದಿನವೇ ಗಟ್ಟಿ ಅಂಚನ್ನೆಲ್ಲ ಕತ್ತರಿಸಿ ತೆಗೆದರು. ಕಡ್ಡಿಗೆ ಎಲುಬು ತಾಗಲಿಲ್ಲ. ಗಟ್ಟಿ ಚರ್ಮದ ಅಡಿಯಲ್ಲಿ ಹುಣ್ಣು ನಾವು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಅಗಲವಿತ್ತು. ಐದು ತಿಂಗಳು ನಾವು ನೋಡುತ್ತಿದ್ದದ್ದು ಅದರ ಬಾಯಿಯನ್ನು ಮಾತ್ರ. ಬೆರಳಿನ ಒತ್ತಡ ಕಡಿಮೆಯಿದ್ದರೂ ಮಾಯಲು ಸಾಲುವಷ್ಟಿದೆ ಎಂದರು. ಮೊಣಕಾಲಿನ ಕೆಳಗೆ ಪೂರ್ತಿ ಕವಚ ಹಾಕಿ ವಾರಕ್ಕೊಮ್ಮೆ ಬಿಚ್ಚಿ ನೋಡುತ್ತಿದ್ದಾರೆ. ನಾಲ್ಕು ವಾರಗಳಲ್ಲಿ ವಿಸ್ತೀರ್ಣ ಅರ್ಧಕ್ಕೆ ಇಳಿದರೆ ಇದೇ ದಾರಿಯಲ್ಲಿ ಮುಂದುವರಿಯುವುದಾಗಿಯೂ, ಇಳಿಯದಿದ್ದರೆ ಜೀವಂತ ಹೊದಿಕೆಯ ಬಗ್ಗೆ ಯೋಚಿಸುವುದಾಗಿಯೂ ಹೇಳಿದ್ದರು.

ನಾಲ್ಕನೆಯ ವಾರಕ್ಕೆ ಇಳಿದ ಪ್ರಮಾಣ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಇನ್ನೊಂದು ವಾರ ನೋಡೋಣ ಎಂದಿದ್ದಾರೆ. ತಳದ ಬಣ್ಣ ಮಾತ್ರ ಬದಲಾಗಿದೆ, ಮಾಸಲು ಗುಲಾಬಿ ಹೋಗಿ ಹರಳು ಹರಳಾದ ಕೆಂಪು ಬಂದಿದೆ. ಖಾಸಗಿ ಚಿಕಿತ್ಸಾಲಯದವರು ಎರಡು ಬಾರಿ ಕರೆ ಮಾಡಿದ್ದರು. ಎಲುಬು ಮುಟ್ಟಿ ನೋಡುವ ಪರೀಕ್ಷೆ ನೀವು ಮಾಡುತ್ತೀರಾ ಎಂದು ಕೇಳಿದೆ, ಆಮೇಲೆ ಕರೆ ಬರಲಿಲ್ಲ.

ತುಂತುರು

ಆ ಹರಳಿನಂಥ ಕೆಂಪು ಹೊಸ ರಕ್ತನಾಳಗಳ ತುದಿಗಳು, ನೋಡಿ ಸಂತೋಷಪಡಿ. ಇನ್ನು ಮುಂದೆ ಅಂಚನ್ನು ಗಮನಿಸಿ. ಅಂಚಿನಿಂದ ಒಳಕ್ಕೆ ಮುತ್ತಿನ ಬಣ್ಣದ, ಬಹಳ ತೆಳುವಾದ ಒಂದು ಗೆರೆ ಹರಿದಿದ್ದರೆ ಅದು ತಂದೆಯವರ ಸ್ವಂತ ಹೊರಚರ್ಮದ ಕೋಶಗಳು ಹೊರಟಿರುವ ಗುರುತು. ಪಟ್ಟಿ ಬಿಡಿಸುವಾಗ ಹತ್ತಿಯಿಂದ ಅದನ್ನು ಉಜ್ಜಬೇಡಿ, ಉಪ್ಪುನೀರನ್ನು ಸುರಿದು ತೊಳೆಯಿರೆಂದು ಅಲ್ಲಿನವರಿಗೂ ನೆನಪಿಸಿ. ಪಾರದರ್ಶಕ ಹಾಳೆಯನ್ನಿಟ್ಟು ಹುಣ್ಣಿನ ಸುತ್ತಳತೆಯನ್ನು ಪ್ರತಿ ವಾರ ಬರೆದುಕೊಳ್ಳಿ, ಆದರೆ ಗಟ್ಟಿ ಚರ್ಮ ತೆಗೆದ ಮೇಲೆಯೇ ಬರೆಯಬೇಕು, ಮೊದಲು ಬರೆದರೆ ಲೆಕ್ಕ ತಪ್ಪುತ್ತದೆ. ಪ್ರತಿ ಹಾಳೆಯ ಮೇಲೂ ತಾರೀಖನ್ನು ಹಾಕಿಡಿ. ಮುಂದೆ ಜೀವಂತ ಹೊದಿಕೆಯೇ ಬೇಕಾದರೂ ವೈದ್ಯರು ಮೊದಲು ಕೇಳುವುದು ಆ ಹಾಳೆಗಳನ್ನೇ.